ಸಂಗೀತೋತ್ಸವಗಳಲ್ಲಿ ಕೃತಿಪರಿಚಯ

ಚೈತ್ರ ಬಂತೆಂದರೆ ನಮ್ಮ ಪಟ್ಟಣಗಳಲ್ಲಿ ಚಪ್ಪರಗಳು ಏಳುತ್ತವೆ. ರಾಮನವಮಿಯ ಪಾನಕ ಕೋಸಂಬರಿಗಳೊಡನೆ ಗಾನದ ಔತಣವೂ ಮೊದಲಾಗುತ್ತದೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು ಆರಂಭಿಸಿದ ಶ್ರೀ ರಾಮಸೇವಾ ಮಂಡಲಿಯ ಉತ್ಸವವು ಹಲವು ದಶಕಗಳ ಕಾಲ ಕೋಟೆ ಹೈಸ್ಕೂಲಿನ ಮೈದಾನವನ್ನು ಗಾನಮಂಟಪವನ್ನಾಗಿ ಮಾಡಿತು. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ, ಮೈಸೂರಿನ ದಸರೆಯ ಕಛೇರಿಗಳು, ಊರೂರಿನ ಗಣೇಶೋತ್ಸವದ ಬೀದಿ ಚಪ್ಪರಗಳು—ಇವೆಲ್ಲವೂ ಸೇರಿ, ಒಂದು ಕಾಲದಲ್ಲಿ ಅರಮನೆಯ ದರ್ಬಾರಿನಲ್ಲಿ ಕೆಲವರಿಗಷ್ಟೇ ಲಭ್ಯವಾಗಿದ್ದ ವಿದ್ವತ್ಸಂಗೀತವನ್ನು ಸಾಮಾನ್ಯ ಗೃಹಸ್ಥನ ಕಿವಿಗೂ ಮುಟ್ಟಿಸಿದವು. ಇದು ಅಲ್ಪವಾದ ಸಾಧನೆಯಲ್ಲ. ಈ ಕಾರ್ಯದಲ್ಲಿ ಹೆಣಗಿದ ಸಭೆಗಳ ಕಾರ್ಯಕರ್ತರಿಗೆ ನಾಡು ಋಣಿಯಾಗಿದೆ.

ಆದರೆ ಸಂಗೀತೋತ್ಸವವೆಂಬುದು ಇಬ್ಬರ ಕೂಟ. ಹಾಡುವವನು ಒಬ್ಬ, ಕೇಳುವವನು ಮತ್ತೊಬ್ಬ. ಹಾಡುವವನಿಗಾಗಿ ನಾವು ಮಾಡುವ ಸಿದ್ಧತೆಗೆ ಕೊರತೆಯಿಲ್ಲ. ವೇದಿಕೆ, ದೀಪ, ಧ್ವನಿವರ್ಧಕ, ಹಾರ, ಶಾಲು ಎಲ್ಲವೂ ಇರುತ್ತವೆ. ಕೇಳುವವನಿಗಾಗಿ ಏನಿದೆ? ಕುರ್ಚಿಯೊಂದಿದೆ. ಬಾಗಿಲಲ್ಲಿ ಒಂದು ಕರಪತ್ರ ದೊರೆಯುತ್ತದೆ. ಅದರಲ್ಲಿ ವಿದ್ವಾಂಸರ ಹೆಸರು, ಪಕ್ಕವಾದ್ಯದವರ ಹೆಸರು, ಆರಂಭದ ವೇಳೆ, ಕೆಳಗಡೆ ದಾನಿಗಳ ಹೆಸರು ಇರುತ್ತವೆ. ಅಂದು ಹಾಡುವುದೇನು, ಅದನ್ನು ರಚಿಸಿದವರು ಯಾರು, ಅದು ಯಾವ ಭಾಷೆಯಲ್ಲಿದೆ, ಏನನ್ನು ಹೇಳುತ್ತದೆ ಎಂಬ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಹಾಡು ಮುಗಿದು ಚಪ್ಪಾಳೆಯಾದ ಮೇಲೆ ಪಕ್ಕದವರನ್ನು ಮೆಲ್ಲಗೆ ಕೇಳಬೇಕು. ಅವರಿಗೆ ಗೊತ್ತಿದ್ದರೆ ರಾಗದ ಹೆಸರು ತಿಳಿದೀತು. ಕೃತಿಯ ಅರ್ಥವನ್ನು ಮಾತ್ರ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಈ ಕೊರತೆಯನ್ನು ಕುರಿತು ಎರಡು ಮಾತು ಬರೆಯಬೇಕೆಂದು ನನಗೆ ಬಹುದಿನಗಳಿಂದ ಅನ್ನಿಸುತ್ತಿತ್ತು. ನಾನು ಸಂಗೀತಶಾಸ್ತ್ರಜ್ಞನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೂ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ಒಬ್ಬ ಭಾಷಾಧ್ಯಾಪಕನಿಗೆ ಅಷ್ಟಿಷ್ಟು ಇದೆಯೆಂದು ಭಾವಿಸುತ್ತೇನೆ. ಏಕೆಂದರೆ ಇಲ್ಲಿ ಅನಾಥವಾಗಿ ಬಿದ್ದಿರುವುದು ರಾಗವಲ್ಲ, ತಾಳವಲ್ಲ. ಅವುಗಳನ್ನು ಕಾಯುವ ಜನ ಸಾಕಷ್ಟಿದ್ದಾರೆ. ಅನಾಥವಾಗಿರುವುದು ಮಾತು.

ನಮ್ಮ ಕಛೇರಿಗಳಲ್ಲಿ ಹಾಡುವ ಕೃತಿಗಳ ಬಹುಭಾಗ ತೆಲುಗು ಮತ್ತು ಸಂಸ್ಕೃತಗಳಲ್ಲಿದೆ. ತ್ಯಾಗರಾಜರು (1767–1847) ಹೆಚ್ಚಾಗಿ ತೆಲುಗಿನಲ್ಲಿಯೂ ಮುತ್ತುಸ್ವಾಮಿ ದೀಕ್ಷಿತರು ಬಹುಮಟ್ಟಿಗೆ ಸಂಸ್ಕೃತದಲ್ಲಿಯೂ ರಚಿಸಿದರು. ನಮ್ಮವರೇ ಆದ ಮೈಸೂರು ವಾಸುದೇವಾಚಾರ್ಯರು (1865–1961) ‘ನಾ ಕಂಡ ಕಲಾವಿದರು’, ‘ನೆನಪುಗಳು’ ಎಂಬ ಸೊಗಸಾದ ಪುಸ್ತಕಗಳನ್ನು ಕನ್ನಡಕ್ಕೆ ಕೊಟ್ಟವರು. ಆದರೆ ಅವರ ಕೃತಿಗಳು ಬಹುವಾಗಿ ತೆಲುಗು ಸಂಸ್ಕೃತಗಳಲ್ಲಿವೆ. ಜಯಚಾಮರಾಜ ಒಡೆಯರು (1919–1974) ಶ್ರೀವಿದ್ಯಾ ಅಂಕಿತದಲ್ಲಿ ರಚಿಸಿದ 94 ಕೃತಿಗಳು ಸಂಸ್ಕೃತದವು. ಹೀಗೆ ಕನ್ನಡ ನಾಡಿನ ಶ್ರೋತೃವು ಮೂರು ಗಂಟೆಯ ಕಛೇರಿಯಲ್ಲಿ ಬಹುಪಾಲು ಸಮಯ ತನಗೆ ತಿಳಿಯದ ಮಾತುಗಳ ಮುಂದೆ ಭಕ್ತಿಯಿಂದ ಕುಳಿತಿರುತ್ತಾನೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ಹಾಡಿನ ಭಾಷೆಯ ಪ್ರಶ್ನೆ ತಮಿಳುನಾಡಿನಲ್ಲಿ ಒಂದು ದೊಡ್ಡ ಚಳವಳಿಯನ್ನೇ ಹುಟ್ಟಿಸಿ, 1943ರಲ್ಲಿ ಮದರಾಸಿನಲ್ಲಿ ತಮಿಳ್ ಇಸೈ ಸಂಗಮವು ಸ್ಥಾಪಿತವಾಯಿತು. ಆ ವಾದವನ್ನು ಇಲ್ಲಿ ಮತ್ತೆ ಎತ್ತುವ ಉದ್ದೇಶ ನನಗಿಲ್ಲ. ತ್ಯಾಗರಾಜರ ತೆಲುಗನ್ನು ಬಿಟ್ಟು ಕರ್ನಾಟಕ ಸಂಗೀತವನ್ನು ಕಲ್ಪಿಸಿಕೊಳ್ಳುವುದು ನನ್ನಿಂದ ಸಾಧ್ಯವಿಲ್ಲ. ಅದು ಬೇಕಾಗಿಯೂ ಇಲ್ಲ. ನನ್ನ ಬೇಡಿಕೆ ಇಷ್ಟೆ: ವಿದ್ವಾಂಸರು ಯಾವ ಭಾಷೆಯಲ್ಲಿ ಬೇಕಾದರೂ ಹಾಡಲಿ, ಹಾಡಿದ್ದು ಏನೆಂಬುದನ್ನು ಕೇಳುವವನಿಗೆ ಕನ್ನಡದಲ್ಲಿ ಮುಂಚಿತವಾಗಿ ತಿಳಿಸುವ ಏರ್ಪಾಟನ್ನು ಸಭೆಗಳು ಮಾಡಲಿ.

“ಸಂಗೀತಕ್ಕೆ ಅರ್ಥವೇಕೆ? ನಾದವೇ ಸಾಲದೆ?” ಎಂದು ಕೆಲವು ರಸಿಕರು ಕೇಳುವುದುಂಟು. ರಾಗಾಲಾಪನೆಗೆ, ತಾನಕ್ಕೆ, ವೀಣೆ ಕೊಳಲುಗಳ ವಾದನಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಕೃತಿಯೆಂಬುದು ಬೇರೆ ವಸ್ತು. ಅದನ್ನು ರಚಿಸಿದವನಿಗೆ ನಮ್ಮವರು ಇಟ್ಟ ಹೆಸರನ್ನೇ ನೋಡಿ: ವಾಗ್ಗೇಯಕಾರ. ವಾಕ್ಕೂ ಗೇಯವೂ ಎರಡೂ ಅವನವು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿ ‘ಸಂಗೀತರತ್ನಾಕರ’ವನ್ನು ಬರೆದ ಶಾರ್ಙ್ಗದೇವನು ಉತ್ತಮ ವಾಗ್ಗೇಯಕಾರನ ಲಕ್ಷಣಗಳನ್ನು ಎಣಿಸುವಾಗ ಮೊದಲು ಹೇಳುವುದು ಶಾರೀರವನ್ನಲ್ಲ, ಲಯಜ್ಞಾನವನ್ನಲ್ಲ, ಶಬ್ದಶಾಸ್ತ್ರದ ಅರಿವನ್ನು. ಆಮೇಲೆ ನಿಘಂಟಿನ ಪರಿಣತಿ, ಛಂದಸ್ಸು, ಅಲಂಕಾರ, ರಸಭಾವಗಳ ಪರಿಜ್ಞಾನ ಬರುತ್ತವೆ. ರಚಿಸುವವನಿಗೆ ಇಷ್ಟೆಲ್ಲ ಬೇಕೆಂದು ಶಾಸ್ತ್ರ ವಿಧಿಸಿರುವಾಗ, ಕೇಳುವವನಿಗೆ ಅದರ ಲವಲೇಶವೂ ಬೇಡವೆಂದರೆ ಹೇಗೆ? ಊಟಕ್ಕೆ ಕರೆದು, ಬಡಿಸಿದ್ದರಲ್ಲಿ ಅರ್ಧವನ್ನು ಎಲೆಯಲ್ಲೇ ಬಿಟ್ಟು ಏಳೆಂದ ಹಾಗಾಯಿತು.

ಒಂದೆರಡು ನಿದರ್ಶನಗಳನ್ನು ನೋಡೋಣ. ದೀಕ್ಷಿತರು ತಿರುವಾರೂರಿನ ಕಮಲಾಂಬಿಕೆಯನ್ನು ಕುರಿತು ರಚಿಸಿದ ನವಾವರಣ ಕೃತಿಗಳು ನವರಾತ್ರಿಯ ಕಛೇರಿಗಳಲ್ಲಿ ಆಗಾಗ್ಗೆ ಕೇಳಿಬರುತ್ತವೆ. ಆರಂಭದ ಧ್ಯಾನಕೃತಿ ತೋಡಿ ರಾಗದಲ್ಲಿದೆ. ಅಲ್ಲಿ ದೇವಿಯನ್ನು ಸಂಬೋಧನೆಯಲ್ಲಿ ಕರೆಯಲಾಗಿದೆ. ಮುಂದೆ ಆನಂದಭೈರವಿಯ ಕೃತಿ ಪ್ರಥಮಾ ವಿಭಕ್ತಿಯಲ್ಲಿ, ಕಲ್ಯಾಣಿಯದು ದ್ವಿತೀಯೆಯಲ್ಲಿ, ಶಂಕರಾಭರಣದ್ದು ತೃತೀಯೆಯಲ್ಲಿ, ಕಾಂಭೋಜಿಯದು ಚತುರ್ಥಿಯಲ್ಲಿ, ಭೈರವಿಯದು ಪಂಚಮಿಯಲ್ಲಿ, ಪುನ್ನಾಗವರಾಳಿಯದು ಷಷ್ಠಿಯಲ್ಲಿ, ಸಹಾನದ್ದು ಸಪ್ತಮಿಯಲ್ಲಿ ಕ್ರಮವಾಗಿ ಸಾಗುತ್ತವೆ. ಕಮಲಾಂಬೆ ಕಾಪಾಡಲಿ, ಕಮಲಾಂಬೆಯನ್ನು ಭಜಿಸು, ಕಮಲಾಂಬೆಯಿಂದ, ಕಮಲಾಂಬೆಗೆ, ಕಮಲಾಂಬೆಯ, ಕಮಲಾಂಬೆಯಲ್ಲಿ—ಹೀಗೆ ಭಕ್ತನಿಗೂ ದೇವತೆಗೂ ಇರಬಹುದಾದ ಸಂಬಂಧಗಳನ್ನೆಲ್ಲ ವ್ಯಾಕರಣದ ಮೆಟ್ಟಿಲುಗಳ ಮೂಲಕವೇ ಏರಿಸಿ, ಕೊನೆಗೆ ಅವಳಲ್ಲಿಯೇ ನೆಲೆಗೊಳಿಸುವ ಅದ್ಭುತ ಕಲ್ಪನೆ ಅದು. ತರಗತಿಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿ ಬೇಸತ್ತ ವಿದ್ಯಾರ್ಥಿಗೆ ಇದೊಂದು ಸಂಗತಿ ತಿಳಿದರೆ ವ್ಯಾಕರಣದ ಮೇಲೂ ಪ್ರೀತಿ ಹುಟ್ಟೀತು, ಸಂಗೀತದ ಮೇಲೂ ಹುಟ್ಟೀತು. ಆದರೆ ಇದು ಚಪ್ಪರದಲ್ಲಿ ಕುಳಿತ ನೂರಾರು ಜನರಲ್ಲಿ ಎಷ್ಟು ಮಂದಿಗೆ ಗೊತ್ತು? ತಿಳಿಸಲು ಅರ್ಧ ಪುಟ ಸಾಕು.

ಅದೇ ದೀಕ್ಷಿತರ, ಹಂಸಧ್ವನಿ ರಾಗದ ‘ವಾತಾಪಿ ಗಣಪತಿಂ’ ಕೃತಿಯನ್ನು ಕೇಳದ ಸಂಗೀತಪ್ರಿಯನು ಇರಲಾರ. ಆ ರಾಗವನ್ನು ಸೃಷ್ಟಿಸಿದವರು ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು. ವಾತಾಪಿ ಎಂದರೆ ನಮ್ಮ ಬಾದಾಮಿ. ಏಳನೆಯ ಶತಮಾನದಲ್ಲಿ ಪಲ್ಲವ ನರಸಿಂಹವರ್ಮನು ಇಮ್ಮಡಿ ಪುಲಕೇಶಿಯ ಆ ರಾಜಧಾನಿಯನ್ನು ಗೆದ್ದನೆಂಬುದು ಇತಿಹಾಸ. ಅವನ ದಂಡನಾಯಕನು ಅಲ್ಲಿಂದ ಗಣಪತಿಯನ್ನು ತಮಿಳುನಾಡಿಗೆ ಕೊಂಡೊಯ್ದನೆಂಬುದು ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಬೇಕು. ಅದಕ್ಕೆ ಚರಿತ್ರೆಯ ಮುದ್ರೆಯೊತ್ತಬೇಕಾಗಿಲ್ಲ. ಆದರೂ ಚಾಲುಕ್ಯರ ಊರಿನ ಹೆಸರು ಕಾವೇರಿಯ ಕೆಳದಂಡೆಯ ಸೀಮೆಯ ಕವಿಯೊಬ್ಬನ ಬಾಯಲ್ಲಿ ದೇವರ ವಿಶೇಷಣವಾಗಿ ಉಳಿದು, ಮತ್ತೆ ಕಛೇರಿಯ ಮೂಲಕ ನಮ್ಮಲ್ಲಿಗೆ ಹಿಂದಿರುಗಿದೆ ಎಂಬುದನ್ನು ಅರಿತು ಕೇಳುವುದಕ್ಕೂ, ಕಛೇರಿಯ ಆರಂಭಕ್ಕೊಂದು ಹುರುಪಿನ ಹಾಡು ಎಂದು ಕೇಳುವುದಕ್ಕೂ ಎಷ್ಟು ಅಂತರ!

ಮೂರನೆಯ ನಿದರ್ಶನ ತ್ಯಾಗರಾಜರ ಪಂಚರತ್ನ ಕೃತಿಗಳು. ತಿರುವಯ್ಯಾರಿನಲ್ಲಿ ನಡೆಯುವಂತೆ ನಮ್ಮ ಊರುಗಳ ಆರಾಧನೆಗಳಲ್ಲಿಯೂ ಇವನ್ನು ಎಲ್ಲರೂ ಕುಳಿತು ಒಕ್ಕೊರಲಿನಿಂದ ಹಾಡುತ್ತಾರೆ. ಐದು ಕೃತಿಗಳ ಭಾವವೂ ಐದು ಬಗೆ. ನಾಟ ರಾಗದ್ದು ಸಂಸ್ಕೃತದಲ್ಲಿರುವ ನಾಮಸ್ತುತಿ. ಗೌಳದ್ದು ತನ್ನ ತಪ್ಪುಗಳನ್ನು ತಾನೇ ಎಣಿಸಿಕೊಂಡು, ಇಂತಹವನನ್ನು ಯಾರು ಕಾಪಾಡುವರು ಎಂದು ಕುಗ್ಗುವ ಆತ್ಮನಿಂದೆ. ಆರಭಿಯದು ಹಟ ಸಾಧಿಸಿದೆಯಲ್ಲಾ ಎಂದು ದೇವರನ್ನೇ ಸಲಿಗೆಯಿಂದ ಆಕ್ಷೇಪಿಸುವ ನಿಂದಾಸ್ತುತಿ. ವರಾಳಿಯದು ಭಗವಂತನ ರೂಪವನ್ನು ಕಣ್ತುಂಬ ನೋಡುವ ಬೆರಗು. ಶ್ರೀರಾಗದ್ದು ಮಹಾನುಭಾವರೆಲ್ಲರಿಗೂ ಸಲ್ಲಿಸುವ ವಂದನೆ. ಇವನ್ನೆಲ್ಲ ಒಂದೇ ಭರದಲ್ಲಿ, ಒಂದೇ ಉತ್ಸಾಹದಲ್ಲಿ ಹಾಡುತ್ತಾ ಹೋದಾಗ, ಮಾತು ತಿಳಿಯದವನಿಗೆ ಕುಗ್ಗಿದ ಭಕ್ತನೂ ಸಲಿಗೆಯ ಭಕ್ತನೂ ಒಂದೇ ಆಗಿ ಕೇಳಿಸುತ್ತಾರೆ. ಇದು ತ್ಯಾಗರಾಜರಿಗೆ ಸಲ್ಲಿಸುವ ಪೂರ್ಣ ಆರಾಧನೆಯೆನ್ನಲು ನನಗೆ ಮನಸ್ಸು ಬಾರದು.

ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನ ಹೆಸರನ್ನು ತನ್ನ ಹೆಸರಿನೊಡನೆ ಹೊತ್ತ ನಾಗರತ್ನಮ್ಮನವರನ್ನು (1878–1952) ಇಲ್ಲಿ ನೆನೆಯಬೇಕು. ತ್ಯಾಗರಾಜರ ಸಮಾಧಿಗೆ ಮಂದಿರ ಕಟ್ಟಿಸಿದ ಆ ಪುಣ್ಯವಂತೆ ಗಾಯಕಿ ಮಾತ್ರವಲ್ಲ, ಗ್ರಂಥಗಳನ್ನು ಬಲ್ಲವರು. ಮುದ್ದುಪಳನಿಯ ‘ರಾಧಿಕಾ ಸಾಂತ್ವನ’ವೆಂಬ ತೆಲುಗು ಕಾವ್ಯವನ್ನು 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರು. ಗಾನವೂ ಕಾವ್ಯವೂ ಒಬ್ಬರಲ್ಲಿಯೇ ಕೂಡಿದ್ದಾಗ ಎಂಥ ಶ್ರದ್ಧೆ ಹುಟ್ಟುತ್ತದೆ ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

ಅರ್ಥ ತಿಳಿಯದಿದ್ದರೆ ನಷ್ಟ ಕೇಳುಗನಿಗೊಬ್ಬನಿಗೇ ಅಲ್ಲ, ಕೃತಿಗೂ ಆಗುತ್ತದೆ. ನೆರವಲ್ ಮಾಡುವಾಗ ಗಾಯಕನು ಸಾಹಿತ್ಯದ ಒಂದು ಸಾಲನ್ನು ಆರಿಸಿ, ಅದನ್ನು ಬಗೆಬಗೆಯಾಗಿ ಹರಡಿ ಹಾಡುತ್ತಾನೆ. ಪದಗಳನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಬಿಡಿಸಬಾರದು ಎಂಬ ವಿವೇಕ ಆಗ ಅತ್ಯಗತ್ಯ. ‘ನೀನಲ್ಲದೆ’ ಎಂಬ ಒಂದು ಕನ್ನಡ ಪದವನ್ನೇ ತೆಗೆದುಕೊಳ್ಳಿ. ತಾಳದ ಅನುಕೂಲಕ್ಕಾಗಿ ‘ನೀನಲ್ಲ’ ಎಂದು ನಿಲ್ಲಿಸಿ, ಉಸಿರೆಳೆದು, ಮಿಕ್ಕ ಅಕ್ಷರವನ್ನು ಮುಂದಿನ ಆವರ್ತಕ್ಕೆ ತಳ್ಳಿದರೆ, ನಿನ್ನ ಹೊರತು ಗತಿಯಿಲ್ಲವೆಂದು ಹೇಳಹೊರಟ ಭಕ್ತನು ದೇವರನ್ನೇ ಬಾಗಿಲಿಂದಾಚೆ ಕಳುಹಿಸಿದಂತಾಗುತ್ತದೆ. ಕನ್ನಡದಲ್ಲಾದರೆ ನಮಗೆ ನಗೆಯಾದರೂ ಬರುತ್ತದೆ. ತಿಳಿಯದ ಭಾಷೆಯಲ್ಲಾದರೆ ತಲೆದೂಗಿ ಬಿಡುತ್ತೇವೆ. ತಪ್ಪನ್ನು ಗುರುತಿಸುವ ಕಿವಿ ಸಭೆಯಲ್ಲಿ ಇಲ್ಲವಾದಾಗ, ಆ ತಪ್ಪು ಗುರುವಿನಿಂದ ಶಿಷ್ಯನಿಗೆ ಪಾಠವಾಗಿ ಇಳಿಯುತ್ತದೆ. ಮೂರನೆಯ ತಲೆಮಾರಿಗೆ ಅದೇ ಸಂಪ್ರದಾಯವೆನಿಸುತ್ತದೆ.

ಕನ್ನಡ ಕೃತಿಗಳ ಪಾಡಾದರೂ ಮೇಲೋ ಎಂದರೆ ಹಾಗೂ ಇಲ್ಲ. ಅರಿಯಾಕುಡಿ ರಾಮಾನುಜ ಅಯ್ಯಂಗಾರರು (1890–1967) ರೂಪಿಸಿದ ಕಛೇರಿಯ ಪದ್ಧತಿಯಲ್ಲಿ ಮೊದಲಿಗೆ ವರ್ಣ, ಆಮೇಲೆ ಕೃತಿಗಳು, ರಾಗ ತಾನ ಪಲ್ಲವಿ, ಕೊನೆಯಲ್ಲಿ ತುಕಡಾಗಳು. ದಾಸರ ಪದಗಳಿಗೆ ದೊರೆತಿರುವ ಜಾಗ ಬಹುಮಟ್ಟಿಗೆ ಈ ಕೊನೆಯ ಪಂಕ್ತಿ. ತನಿ ಆವರ್ತನ ಮುಗಿದೊಡನೆ ಜನ ಚಪ್ಪಲಿ ಹುಡುಕುತ್ತಾರೆ, ಕೊನೆಯ ಬಸ್ಸನ್ನು ನೆನೆಯುತ್ತಾರೆ. ಆ ಗದ್ದಲದ ನಡುವೆ ದೇವರನಾಮ ಬರುತ್ತದೆ. ಸಂಗೀತವನ್ನು ಕಲಿಯುವ ಪ್ರತಿಯೊಂದು ಮಗುವೂ ಪುರಂದರದಾಸರು ಹಾಕಿಕೊಟ್ಟರೆಂದು ಪ್ರತೀತಿಯಿರುವ ಮಾಯಾಮಾಳವಗೌಳದ ಸರಳೆವರಸೆಯಿಂದ, ಮಲಹರಿಯ ಪಿಳ್ಳಾರಿ ಗೀತಗಳಿಂದ ಮೊದಲಿಡುತ್ತದೆ. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿವಿಜಯ’ದಲ್ಲಿ ಪುರಂದರದಾಸರಿಗೆ ಗೌರವ ಸಲ್ಲಿಸಿದ್ದಾರೆ. ಪಾಠದಲ್ಲಿ ಮೊದಲಿಗರಾದ ಅವರು ಕಛೇರಿಯಲ್ಲಿ ಕಡೆಯವರಾಗಿರುವುದನ್ನು ನೋಡಿದರೆ ವ್ಯಥೆಯಾಗುತ್ತದೆ.

ಸ್ಥಾನದ ಪ್ರಶ್ನೆ ಹಾಗಿರಲಿ. ತಿಳಿದ ಭಾಷೆಯೆಂಬ ಭ್ರಮೆಯಿಂದಲೇ ಇಲ್ಲಿ ಅರ್ಥ ಇನ್ನಷ್ಟು ಜಾರಿಹೋಗುತ್ತದೆ. ಕನಕದಾಸರ ಮುಂಡಿಗೆಗಳನ್ನು ನೋಡಿ. ಅವು ಒಗಟಿನ ರೂಪದ ಪದಗಳು. ಹೊರಗೆ ಒಂದು ಮಾತು, ಒಳಗೆ ಬೇರೊಂದು. ಅದು ಮುಂಡಿಗೆಯೆಂಬುದನ್ನೇ ಅರಿಯದವನಿಗೆ ವಿಚಿತ್ರವಾದ ಭಜನೆಯೊಂದು ಕೇಳಿಸೀತೇ ಹೊರತು, ಬಿಡಿಸಬೇಕಾದ ಗಂಟೊಂದಿದೆಯೆಂದು ತೋರದು. ತಾಳದ ಕಟ್ಟಿಲ್ಲದ ಉಗಾಭೋಗಕ್ಕೂ, ಖಂಡಖಂಡಕ್ಕೆ ತಾಳ ಬದಲಿಸುವ ಸುಳಾದಿಗೂ ಇರುವ ಭೇದವನ್ನು ತಿಳಿಸಿದರೆ ಕೇಳುವವನ ಕಿವಿ ಎಚ್ಚತ್ತುಕೊಳ್ಳುತ್ತದೆ. ದಾಸರ ಪದಗಳ ಮೂಲ ಮಟ್ಟುಗಳು ಬಹುವಾಗಿ ನಷ್ಟವಾಗಿ, ಇಂದು ನಾವು ಕೇಳುವವು ಹೆಚ್ಚಾಗಿ ನಂತರದವರು ಕೂಡಿಸಿದವು ಎಂಬುದನ್ನೂ ಹೇಳಬೇಕು. ಆಗ, ಒಂದೇ ಪದವನ್ನು ಇಬ್ಬರು ವಿದ್ವಾಂಸರು ಬೇರೆ ಬೇರೆ ರಾಗಗಳಲ್ಲಿ ಹಾಡಿದರೆ ಯಾರದು ಸರಿಯೆಂದು ಜಗಳವಾಡುವ ಬದಲು, ಯಾವ ರಾಗ ಆ ಮಾತಿಗೆ ಒಗ್ಗಿತೆಂದು ಯೋಚಿಸುವಂತಾಗುತ್ತದೆ.

ಈ ವಿಷಯದಲ್ಲಿ ನಾವು ಅಧ್ಯಾಪಕರೂ ನಿರ್ದೋಷಿಗಳಲ್ಲ. ನಮ್ಮ ತರಗತಿಗಳಲ್ಲಿ ಹರಿದಾಸ ಸಾಹಿತ್ಯವು ಒಂದು ಘಟಕ. ಕಾಲ, ದೇಶ, ಅಂಕಿತ, ಸಾಮಾಜಿಕ ವಿಡಂಬನೆ ಎಂದು ಟಿಪ್ಪಣಿ ಬರೆಸಿ ಮುಗಿಸುತ್ತೇವೆ. ಆ ಪದಕ್ಕೆ ಪಲ್ಲವಿ, ಅನುಪಲ್ಲವಿಗಳು ಏಕಿವೆ, ಪ್ರತಿ ಚರಣದ ಕೊನೆಗೂ ಪಲ್ಲವಿ ಮರಳಿ ಬಂದಾಗ ಅದರ ಅರ್ಥ ಹೇಗೆ ತುಸು ತುಸುವೇ ತುಂಬಿಕೊಳ್ಳುತ್ತದೆ ಎಂಬುದನ್ನು ಹಾಡದೆ ತೋರಿಸಲು ಬಾರದು. ಹೀಗೆ ಕಾಲೇಜಿನಲ್ಲಿ ಧಾತುವಿಲ್ಲದ ಮಾತು, ಕಛೇರಿಯಲ್ಲಿ ಮಾತಿಲ್ಲದ ಧಾತು. ಒಂದೇ ಊರಿನ ಎರಡು ಬೀದಿಗಳಲ್ಲಿರುವ ಇವೆರಡೂ ಒಂದನ್ನೊಂದು ಕಂಡರಿಯವು.

ಇವೆರಡೂ ಕೂಡಿದಾಗ ಆಗುವ ಫಲವನ್ನು ನಾವು ಬಲ್ಲೆವು. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬ ಪದವನ್ನು ಕನ್ನಡನಾಡಿನಾಚೆಗೂ ಕಡಲಿನಾಚೆಗೂ ಕೊಂಡೊಯ್ದವರು ತಮಿಳುನಾಡಿನ ನರ್ತಕಿ ಟಿ. ಬಾಲಸರಸ್ವತಿ (1918–1984). 1976ರಲ್ಲಿ ಸತ್ಯಜಿತ್ ರಾಯರು ಆಕೆಯನ್ನು ಕುರಿತು ತೆಗೆದ ಚಿತ್ರದಲ್ಲಿಯೂ ಅದೇ ಪದವಿದೆ. ಕನ್ನಡದ ಗಂಧವಿಲ್ಲದ ಪ್ರೇಕ್ಷಕನಿಗೂ ಆ ಮಾತಿನ ಮರ್ಮ ತಿಳಿಯಿತು. ಏಕೆಂದರೆ ಆಕೆಯ ಹಸ್ತ, ಕಣ್ಣು, ಮುಖಭಾವಗಳೇ ಅದಕ್ಕೆ ವ್ಯಾಖ್ಯಾನವಾದವು. ಅಭಿನಯವಿಲ್ಲದ ಕಛೇರಿಯಲ್ಲಿ ಆ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕಲ್ಲವೆ? ಇನ್ನು ಧಾರವಾಡದ ಕಡೆ ನೋಡಿದರೆ, ಮಲ್ಲಿಕಾರ್ಜುನ ಮನಸೂರರು (1910–1992) ಹಿಂದುಸ್ತಾನೀ ರಾಗಗಳಲ್ಲಿ ವಚನಗಳನ್ನು ಹಾಡಿದಾಗ ಕನ್ನಡಿಗರು ಮೈಮರೆತದ್ದಕ್ಕೆ ಅವರ ಸ್ವರಸಿದ್ಧಿಯೊಂದೇ ಕಾರಣವಾಗಿರಲಿಲ್ಲ. ಕೇಳುವವರಿಗೆ ಆ ವಚನ ಮೊದಲೇ ಗೊತ್ತಿತ್ತು. ಬಲ್ಲ ಮಾತು ಹೊಸ ಬೆಳಕಿನಲ್ಲಿ ಎದುರು ನಿಂತಿತು.

ಮೊದಲೇ ತಿಳಿಸುವುದೆಂದರೆ ಗಾಯಕನ ಸ್ವಾತಂತ್ರ್ಯಕ್ಕೆ ಬೇಲಿ ಹಾಕಿದಂತಲ್ಲವೆ ಎಂಬುದು ಎರಡನೆಯ ಆಕ್ಷೇಪ. ಇದನ್ನು ನಾನು ಹಗುರವಾಗಿ ಕಾಣಲಾರೆ. ಅಂದಿನ ಶಾರೀರ, ಅಂದಿನ ಸಭೆ, ಪಕ್ಕವಾದ್ಯದವರ ಮನೋಧರ್ಮ ಇವನ್ನು ನೋಡಿಕೊಂಡು ವೇದಿಕೆಯ ಮೇಲೆಯೇ ಹಾಡನ್ನು ಆರಿಸುವುದು ನಮ್ಮ ಪದ್ಧತಿಯ ಜೀವಾಳ. ಆದರೆ ತಿರುವನಂತಪುರದ ನವರಾತ್ರಿ ಮಂಟಪದ ಉತ್ಸವವನ್ನು ನೋಡಿ. ಅಲ್ಲಿ ಸ್ವಾತಿ ತಿರುನಾಳರು (1813–1846) ರಚಿಸಿದ ಒಂಬತ್ತು ಕೃತಿಗಳಿಗೆ ಒಂಬತ್ತು ರಾತ್ರಿಗಳು ಗೊತ್ತಾಗಿವೆ. ಮೊದಲ ದಿನ ಶಂಕರಾಭರಣ, ಎರಡನೆಯ ದಿನ ಕಲ್ಯಾಣಿ, ಮೂರನೆಯ ದಿನ ಸಾವೇರಿ, ಹೀಗೆ ಒಂಬತ್ತನೆಯ ದಿನದ ಆರಭಿಯವರೆಗೆ. ಇಂದು ಏನು ಹಾಡುತ್ತಾರೆಂಬುದು ಕೇಳುಗನಿಗೆ ಮನೆಯಿಂದ ಹೊರಡುವಾಗಲೇ ಗೊತ್ತು. ಆದರೂ ವಿದ್ವಾಂಸರ ಆಲಾಪನೆ, ನೆರವಲ್, ಸ್ವರಕಲ್ಪನೆಗಳಿಗೆ ಅಲ್ಲಿ ಯಾವ ಸಂಕೋಚವೂ ಆಗಿಲ್ಲ. ನಾವು ಅಷ್ಟನ್ನೂ ಕೇಳುತ್ತಿಲ್ಲ. ಅಂದಿನ ಪ್ರಧಾನ ಕೃತಿ ಒಂದು, ದೇವರನಾಮ ಒಂದು—ಇವೆರಡನ್ನು ವಿದ್ವಾಂಸರು ಒಂದು ವಾರ ಮೊದಲು ತಿಳಿಸಲಿ. ಮಿಕ್ಕದ್ದೆಲ್ಲ ಅವರ ಚಿತ್ತ.

ವ್ಯಾಖ್ಯಾನದಿಂದ ಕಲೆಯ ಘನತೆ ಕುಗ್ಗೀತೆಂಬ ಭಯವೂ ನಮ್ಮ ನಾಡಿಗೆ ಸಲ್ಲದು. ಗಮಕ ವಾಚನವನ್ನು ನೆನೆಯಿರಿ. ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ಗಮಕಿಯು ರಾಗವಾಗಿ ವಾಚಿಸುತ್ತಾನೆ. ಅದೇ ವೇದಿಕೆಯ ಮೇಲೆ, ಅವನ ಸರಿಸಮಾನನಾಗಿ ಕುಳಿತ ವ್ಯಾಖ್ಯಾನಕಾರನು ಪದ್ಯದ ಅರ್ಥವನ್ನು ಬಿಡಿಸುತ್ತಾನೆ. ಇವನಿಲ್ಲದೆ ಅವನಿಲ್ಲ. ಹರಿಕಥೆಯಲ್ಲಂತೂ ದಾಸರು ತಾವೇ ಹಾಡಿ, ತಾವೇ ಅರ್ಥ ಹೇಳುತ್ತಾರೆ. ಅಕ್ಷರ ಬಾರದ ಅಜ್ಜಿಯರೂ ಎಷ್ಟೋ ದಾಸರ ಪದಗಳ ತಾತ್ಪರ್ಯವನ್ನು ಬಲ್ಲವರಾಗಿದ್ದುದು ಈ ಪಾಠಶಾಲೆಯಿಂದಲೇ. ಕಛೇರಿಯು ಹರಿಕಥೆಯ ಜಾಗವನ್ನು ಆಕ್ರಮಿಸಿದಂತೆಲ್ಲ ಗಾನದ ಮಟ್ಟ ಏರಿರಬಹುದು. ಆದರೆ ಅರ್ಥ ಹೇಳುವವನು ವೇದಿಕೆಯಿಂದ ಇಳಿದುಹೋದನು. ಅವನನ್ನು ಮತ್ತೆ ಕರೆಯಿರೆಂದು ನಾನು ಕೇಳುತ್ತಿದ್ದೇನೆ. ಹೊಸದನ್ನೇನೂ ಬೇಡುತ್ತಿಲ್ಲ.

ಆದರೆ ಬರುವವನು ಹೇಗಿರಬೇಕು? ಇಲ್ಲಿ ಎಚ್ಚರ ಬೇಕು. ಭಾಷಣಕ್ಕೆ ಹೆದರಿ ತಡವಾಗಿ ಬರುವ ಕೇಳುಗರನ್ನು ನಾವೆಲ್ಲ ಕಂಡಿದ್ದೇವೆ. ಅವರ ಹೆದರಿಕೆ ನಿರಾಧಾರವಲ್ಲ. ಪರಿಚಯವು ಹತ್ತು ನಿಮಿಷವನ್ನು ಮೀರಬಾರದು. ವಿದ್ವಾಂಸರ ಬಿರುದುಗಳನ್ನು ಓದುವುದಕ್ಕಾಗಲಿ, ವಾಗ್ಗೇಯಕಾರರ ಪವಾಡಗಳನ್ನು ವರ್ಣಿಸುವುದಕ್ಕಾಗಲಿ ಅದು ವೇಳೆಯಲ್ಲ. ಅದರೊಡನೆ ಕೈಗೊಂದು ಹಾಳೆ ಕೊಡಬೇಕು. ಕನ್ನಡ ಲಿಪಿಯಲ್ಲಿ ಶುದ್ಧವಾದ ಪಾಠ, ಪದಚ್ಛೇದ, ಸರಳ ಗದ್ಯದಲ್ಲಿ ಅರ್ಥ, ರಚಿಸಿದವರ ಹೆಸರು ಮತ್ತು ಕಾಲ, ರಾಗ ತಾಳಗಳು, ಕಡೆಯಲ್ಲಿ ‘ಇದನ್ನು ಗಮನಿಸಿ ಕೇಳಿ’ ಎಂದು ಒಂದೇ ಒಂದು ಸೂಚನೆ—ಇಷ್ಟಿದ್ದರೆ ಧಾರಾಳವಾಯಿತು. ಇಂದು ಮೊಬೈಲಿನಲ್ಲಿ ಹುಡುಕಿದರೆ ಪಾಠ ಸಿಗುತ್ತದೆಯಲ್ಲಾ ಎನ್ನಬಹುದು. ಸಿಗುತ್ತದೆ, ಎಷ್ಟೋ ವೇಳೆ ಇಂಗ್ಲಿಷ್ ಲಿಪಿಯಲ್ಲಿ, ಅಲ್ಪಪ್ರಾಣ ಮಹಾಪ್ರಾಣಗಳ ಗೊತ್ತಿಲ್ಲದೆ, ತಪ್ಪು ಒಪ್ಪುಗಳು ಬೆರೆತು ಸಿಗುತ್ತದೆ. ಕಛೇರಿಯ ನಡುವೆ ಹುಡುಕುತ್ತ ಕುಳಿತವನಿಗೆ ಆಲಾಪನೆಯೂ ತಪ್ಪುತ್ತದೆ. ಬಲ್ಲವರು ತಿದ್ದಿ ಕೊಟ್ಟ ಒಂದು ಹಾಳೆಯ ಉಪಕಾರವೇ ಬೇರೆ.

ಇದನ್ನು ಮಾಡುವವರು ಯಾರು ಎಂದರೆ ದೂರ ಹೋಗಬೇಕಾಗಿಲ್ಲ. ಕಾಲೇಜುಗಳಿರುವ ಪಟ್ಟಣಗಳಲ್ಲಿ ಕನ್ನಡ ಅಧ್ಯಾಪಕರಿದ್ದಾರೆ. ಸಂಸ್ಕೃತ ಬಲ್ಲವರು, ತೆಲುಗು ಬಲ್ಲವರು ಹುಡುಕಿದರೆ ಸಿಗುತ್ತಾರೆ. ಅವರು ಸಂಗೀತ ವಿದ್ವಾಂಸರ ಜೊತೆ ಕುಳಿತು ಪಾಠವನ್ನು ನಿಷ್ಕರ್ಷಿಸಲಿ. ವಿದ್ಯಾರ್ಥಿಗಳು ಹಾಳೆಯನ್ನು ಸಿದ್ಧಪಡಿಸಿ ಹಂಚಲಿ. ಆ ನೆಪದಲ್ಲಿ ಅವರೂ ಚಪ್ಪರದೊಳಕ್ಕೆ ಬರಲಿ. ತಿಳಿಯದೆಂಬ ಸಂಕೋಚದಿಂದ ಹೊರಗೆ ನಿಂತ ತರುಣರ ಸಂಖ್ಯೆ ಸಣ್ಣದಲ್ಲ. ಒಳಕ್ಕೆ ಬರಲು ಅವರಿಗೆ ಬೇಕಾದದ್ದು ಶಾಸ್ತ್ರಪಾಂಡಿತ್ಯವಲ್ಲ, ಹಿಡಿದುಕೊಳ್ಳಲು ಒಂದು ಎಳೆ. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945) ಮೈಸೂರಿನ ಆಸ್ಥಾನದಲ್ಲಿದ್ದಾಗ ಚಾಮುಂಡೇಶ್ವರಿಯನ್ನು ಕುರಿತು ಕನ್ನಡದಲ್ಲಿ 108 ಕೃತಿಗಳನ್ನು ಸಂಯೋಜಿಸಿದರು. ಮೋಹನಕಲ್ಯಾಣಿಯ ‘ಭುವನೇಶ್ವರಿಯ’ ಎಂಬ ಕೃತಿಯನ್ನು ಕೇಳಿ ಮೆಚ್ಚಿದವರಿಗೂ ಅವರ ಆ ಭಂಡಾರದ ಪರಿಚಯ ಇರುವುದು ವಿರಳ. ದಸರೆಯ ಒಂಬತ್ತು ದಿನಗಳಲ್ಲಿ ದಿನಕ್ಕೆರಡರಂತೆ ಅವುಗಳಲ್ಲಿ ಹದಿನೆಂಟನ್ನು ಆರಿಸಿ, ಅರ್ಥಸಹಿತವಾದ ಒಂದು ಕಿರುಹೊತ್ತಗೆಯೊಡನೆ ಹಾಡಿಸಿದರೆ ಆಗುವ ಖರ್ಚು ಒಂದು ಸಂಜೆಯ ದೀಪಾಲಂಕಾರದ ಖರ್ಚನ್ನು ಮೀರಲಾರದು.

ಅರ್ಥ ತಿಳಿದ ಮಾತ್ರಕ್ಕೆ ರಸಾನುಭವ ಆಗಿಯೇ ತೀರುತ್ತದೆಂದು ನಾನು ಹೇಳುವುದಿಲ್ಲ. ಸ್ವರವು ಮಾತನ್ನು ಬಿಟ್ಟು ಮೇಲೇಳುವ ಗಳಿಗೆಗಳಿವೆ. ಆಗ ಹಾಳೆಯನ್ನು ಮಡಿಚಿ ಕಣ್ಣು ಮುಚ್ಚುವುದೇ ಮೇಲು. ಆದರೆ ಮಾತನ್ನು ಬಿಟ್ಟು ಏರಬೇಕಾದರೂ ಮೊದಲು ಮಾತು ಕಾಲಕೆಳಗೆ ಗಟ್ಟಿಯಾಗಿ ಇರಬೇಕು. ಈ ಋತುವಿನಲ್ಲಿ ಯಾವುದಾದರೂ ಒಂದು ಸಭೆ, ಒಂದೇ ಒಂದು ಸಂಜೆಯ ಮಟ್ಟಿಗಾದರೂ ಈ ಪ್ರಯೋಗವನ್ನು ಮಾಡಿ ನೋಡಲಿ. ಹಾಳೆ ಬರೆದುಕೊಡಲು ನಮ್ಮಂತಹ ಅಧ್ಯಾಪಕರು ಸಂತೋಷದಿಂದ ಮುಂದೆ ಬಂದೇವು. ಸಂಭಾವನೆಯ ಮಾತು ಬೇಡ, ಚಪ್ಪರದ ಒಂದು ಮೂಲೆಯಲ್ಲಿ ಕುಳಿತು ಕೇಳಲು ಸ್ಥಳ ಕೊಟ್ಟರೆ ಸಾಕು.